ಕಸ್ತೂರಿಯ ಹಸಿರು ತಾಟು

ತಾಟಿಗೆ ಬಾಯಿ ಬಂದ ವರ್ಷ ಮಗ್ಗದ ಓಣಿಯ ಜನ ಹೆದರಿ ಮೂರು ದಿನ ಊಟ ಬಿಟ್ಟಿದ್ದರು ಎಂದು ಸಾವಂತ್ರವ್ವ ಹೇಳುತ್ತಿದ್ದಳು. ನಿಜಕ್ಕೂ ಬಿಟ್ಟದ್ದು ಒಂದೇ ದಿನ, ಅದೂ ಅವತ್ತು ಶಿವರಾತ್ರಿ ಇತ್ತೆಂದು. ಆದರೆ ಸಾವಂತ್ರವ್ವನ ಬಾಯಲ್ಲಿ ಒಂದು ಮೂರಾಗದೆ, ಮೂರು ಮುನ್ನೂರಾಗದೆ ಯಾವ ಮಾತೂ ಹೊಸ್ತಿಲು ದಾಟಿದ್ದಿಲ್ಲ. ಗಂಡ ತೀರಿ ಮೂವತ್ತು ವರ್ಷವಾಗಿದ್ದ, ಎರಡನೆಯ ಇಯತ್ತೆಗೇ ಸಾಲೆಗೆ ಶರಣು ಹೊಡೆದಿದ್ದ ಈ ಮುದುಕಿಯ ಮಾತನ್ನು ಓಣಿಯವರು ಮೊದಲು ಹತ್ತರಿಂದ ಭಾಗಿಸಿ, ಆಮೇಲೆ ನಂಬುತ್ತಿದ್ದರು.

ತಾಟನ್ನು ಕೊಟ್ಟದ್ದು ಆಯುಷ್ಯ ಮಂಡಳಿ. ತಲೆಗೊಂದು ತಾಟು, ತಾಟಿಗೊಂದು ಹೆಸರು. ನೋಡಲಿಕ್ಕೆ ಸ್ಟೀಲಿನದೇ, ತಳ ಮಾತ್ರ ಎರಡು ರೊಟ್ಟಿಯಷ್ಟು ದಪ್ಪ. ನೀಡಿದ್ದೆಷ್ಟು, ಎತ್ತಿದ್ದೆಷ್ಟು, ಉಪ್ಪೆಷ್ಟು, ಎಣ್ಣೆಯೆಷ್ಟು ಎಂದು ಆ ತಳ ತೂಗುತ್ತಿತ್ತು. ಬಾಯಿಗೆ ಹೋದ ಬೆರಳು ಮತ್ತೆ ತಾಟಿಗೆ ಬಂದಾಗ ಅದರ ಜೊತೆ ಬಂದ ಎಂಜಲಿನ ಒಂದು ಹನಿಯಲ್ಲಿ ಮೈಯೊಳಗಿನ ಸಕ್ಕರೆಯನ್ನೂ ಓದುತ್ತಿತ್ತು. ತೊಂಬತ್ತು ದಿನ ಉಂಡರೆ ಮನುಷ್ಯನ ಗುರುತು ಅದಕ್ಕೆ ಹತ್ತುತ್ತಿತ್ತು. ಆಮೇಲೆ ಅಂಚು ಹಸಿರು ಬೆಳಗಿದರೆ ಇಪ್ಪತ್ತು ವರ್ಷ ಚಿಂತೆಯಿಲ್ಲ, ಹಳದಿಯಾದರೆ ಎಚ್ಚರ, ಕೆಂಪಾದರೆ ಸಕ್ಕರೆ ಕಾಯಿಲೆಯೋ ಎದೆ ಬೇನೆಯೋ ಮೂತ್ರಪಿಂಡದ ರೋಗವೋ ಬಾಗಿಲಿಗೆ ಬಂದಿದೆ ಎಂದರ್ಥ. ಕೆಂಪಾದವರಿಗೆ ರೋಗ ಕಾಲಿಡುವ ಮೊದಲೇ ಮಂಡಳಿಯ ಗುಳಿಗೆ, ಮಂಡಳಿಯ ನವಣೆ, ಮಂಡಳಿಯ ಆಸ್ಪತ್ರೆ. ಸೂಜಿ ಚುಚ್ಚಿ ರಕ್ತ ನೋಡುವ ಯಂತ್ರಗಳೆಲ್ಲ ತಾಟು ಬಂದ ವರ್ಷವೇ ಗುಜರಿ ಸೇರಿದ್ದವು. ಆಸ್ಪತ್ರೆಯ ಬಾಗಿಲಲ್ಲಿ ಈಗ ಕೇಳುವುದು ಒಂದೇ ಮಾತು: ತಾಟು ಯಾವ ಬಣ್ಣ?

ತಾಟು ಮಾತೂ ಆಡುತ್ತಿತ್ತು. ಬೆಂಗಳೂರು ಕಡೆಯ ಸಾಲೆ ಅಕ್ಕೋರ ದನಿ. ಮೊದಲ ವಾರವೇ ಸಾವಂತ್ರವ್ವ ಅದನ್ನು ಪರೀಕ್ಷೆ ಮಾಡಲು ತನ್ನ ತಾಟಿನಲ್ಲಿ ಪಕ್ಕದ ಮನೆಯ ಎಮ್ಮೆಗೆ ಹಿಂಡಿ ಇಟ್ಟಳು. "ತಾವು ಚೆನ್ನಾಗಿ ಅಗಿದು ತಿನ್ನುತ್ತಿದ್ದೀರಿ, ಅಭಿನಂದನೆಗಳು" ಎಂದಿತು ತಾಟು. ಓಣಿ ವರ್ಷವಿಡೀ ನಕ್ಕಿತು.

ಅವಳ ಮನೆಯಲ್ಲಿ ಮೂರು ತಲೆ, ಮೂರು ತಾಟು. ಮಗ ಶಿವಪುತ್ರ ಪವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದ. ಸೊಸೆ ಕಸ್ತೂರಿ ಮನೆಯಲ್ಲಿ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಸಾವಂತ್ರವ್ವ ಊರಾಚೆ ಗುಡ್ಡದ ಮೇಲಿದ್ದ ಮಂಡಳಿಯ ಮಾಪನ ಕೇಂದ್ರದಲ್ಲಿ ಎಂಜಿನಿಯರುಗಳಿಗೆ ರೊಟ್ಟಿ ಬಡಿಯುತ್ತಿದ್ದಳು. ದಿನಕ್ಕೆ ಸಾವಿರ ರೊಟ್ಟಿ ಎಂದು ಅವಳು. ಇದ್ದವರು ಹನ್ನೊಂದು ಜನ.

ಆರನೆಯ ವರ್ಷ ಶಿವಪುತ್ರನ ತಾಟು ಕೆಂಪಾಯಿತು.

"ಯವ್ವಾ, ನನಗೇನೂ ಆಗಿಲ್ಲ. ಮಗ್ಗದ ಮುಂದ ಹನ್ನೆರಡು ತಾಸು ನಿಲ್ತೀನಿ."

"ನಿನಗ ಗೊತ್ತಿಲ್ಲ ಅಂತನ ಅದಕ್ಕ ಗೊತ್ತಿರೂದು. ಗುಳಿಗಿ ನುಂಗು ಸುಮ್ಮ."

ಅವನ ಪಾಲಿನ ಊಟ ಬದಲಾಯಿತು. ಎಣ್ಣೆ ಕಾಣದ ಪಲ್ಯ, ಉಪ್ಪು ಕಾಣದ ಸಾರು, ಮರಳಿನಂಥ ನವಣೆ ಅನ್ನ. ಅರ್ಧ ಉಂಡು ಅರ್ಧ ಬಿಡುತ್ತಿದ್ದ. ಗುಳಿಗೆ ಶುರುವಾದ ತಿಂಗಳಿಗೇ ಮಗ್ಗದ ಮುಂದೆ ಕಣ್ಣು ಕತ್ತಲೆ ಬಂದು ಎರಡು ಸಲ ಕುಸಿದ. ರೋಗ ಏರುತ್ತಿದೆ ಎಂದು ಮಂಡಳಿಯವರು ಗುಳಿಗೆಯನ್ನು ಎರಡು ಮಾಡಿದರು.

ಅದೇ ಯುಗಾದಿಗೆ ಕಸ್ತೂರಿಗೆ ಶಾಲು ಬಂತು. ಇಡೀ ತಾಲೂಕಿನಲ್ಲಿ ಅತಿ ಹಸಿರಾದ ತಾಟು ಅವಳದೇ. ಆರು ವರ್ಷದಲ್ಲಿ ಒಂದು ಹೊತ್ತೂ ಹೆಚ್ಚು ಉಂಡಿಲ್ಲ, ಒಂದು ಚಿಟಿಕೆ ಉಪ್ಪು ಮೀರಿಲ್ಲ. ಮಂಡಳಿಯ ಅಧಿಕಾರಿ ಮೈಕಿನಲ್ಲಿ, "ಈ ತಾಯಿ ಮಿತಾಹಾರದ ಮೂರ್ತಿ" ಎಂದ. ಕಸ್ತೂರಿ ನಾಚಿ ಸೆರಗು ಕಚ್ಚಿಕೊಂಡು ನಿಂತಳು. ಶಾಲು ಹೊದ್ದ ಅವಳ ಫೋಟೋ ಆಸ್ಪತ್ರೆಯ ಗೋಡೆ ಸೇರಿತು. ತಾಟು ದೇವರ ಗೂಡು ಸೇರಿತು. ಹಬ್ಬಕ್ಕೊಮ್ಮೆ ಇಳಿಸಿ ಒರೆಸಿ, ಅದರಲ್ಲಿ ಒಂದು ತುಂಡು ಬೆಲ್ಲ ತಿಂದು ಮತ್ತೆ ಮೇಲಿಡುತ್ತಿದ್ದಳು.

"ಸೊಸಿ ಹೆಸರಿಗೆ ಶಾಲು, ಅತ್ತಿ ಹೆಸರಿಗೆ ಏನು?" ಎಂದಳು ಪಕ್ಕದ ಮನೆಯ ಗೌರಕ್ಕ.

"ಆಕೀನ ತಯಾರ ಮಾಡಿದಾಕಿ ನಾನ ಅಲ್ಲೇನ. ಬಂದಾಗ ಒಂದ ಹೊತ್ತಿಗೆ ಐವತ್ತು ರೊಟ್ಟಿ ತಿಂತಿದ್ಲು" ಎಂದಳು ಸಾವಂತ್ರವ್ವ. ಕಸ್ತೂರಿಯೂ ನಕ್ಕಳು.

ತಯಾರು ಮಾಡಿದ್ದು ಮಾತ್ರ ಸುಳ್ಳಲ್ಲ. ಇಪ್ಪತ್ತು ವರ್ಷದ ಹಿಂದೆ ಅಕ್ಕಿಯ ಸೇರು ಒದ್ದು ಒಳಗೆ ಬಂದ ಮರುದಿನವೇ ಸೊಸೆಯನ್ನು ಕೂರಿಸಿಕೊಂಡು ಎರಡು ಮಾತು ಹೇಳಿದ್ದಳು. ಗಂಡ ಉಂಡೆದ್ದ ತಾಟಿನಲ್ಲೇ ಉಣ್ಣಬೇಕು, ಸಂಸಾರ ಎರಡಾಗುವುದಿಲ್ಲ. ಉಳಿದದ್ದನ್ನು ಚೆಲ್ಲಬಾರದು, ಅನ್ನ ಚೆಲ್ಲಿದ ಕೈಗೆ ಬಳೆ ನಿಲ್ಲುವುದಿಲ್ಲ. ಅವಳಿಗೆ ಅವಳ ಅತ್ತೆ ಹೇಳಿದ್ದೂ ಅದೇ. ಕಸ್ತೂರಿ ಎರಡನ್ನೂ ಒಂದು ದಿನ ತಪ್ಪಿಸಲಿಲ್ಲ. ಶಾಲು ಬರುವವರೆಗೂ ತನ್ನ ಹೆಸರಿನ ತಾಟಿನಲ್ಲಿ ಲೆಕ್ಕಕ್ಕೆಂದು ದಿನಕ್ಕೊಂದೇ ತುತ್ತು ತಿಂದು ತೊಳೆದಿಡುತ್ತಿದ್ದಳು, ಬಾಯಿಗೆ ಹೋದ ಬೆರಳು ಮತ್ತೆ ಅದಕ್ಕೆ ಮರಳುತ್ತಿರಲಿಲ್ಲ. ಗಂಡ ಒಂದೂವರೆಗೆ ಉಂಡು ಮಗ್ಗಕ್ಕೆ ಹೋದ ಮೇಲೆ, ಪಾತ್ರೆ ಎಲ್ಲ ಒಂದು ಕಡೆ ಮಾಡಿ, ಎರಡೂವರೆಗೆ ಅವನ ತಾಟಿನ ಮುಂದೆ ಕೂರುತ್ತಿದ್ದಳು. ನಿನ್ನೆಯ ಅನ್ನ, ಬೋಗುಣಿಯ ತಳದ ಎಣ್ಣೆ, ಒಣಗಿದ ರೊಟ್ಟಿಗೆ ಉಪ್ಪಿನಕಾಯಿಯ ರಸ, ಗಂಡನಿಗೆ ನಿಷೇಧವಾದ ಮೇಲೆ ಡಬ್ಬಿಯಲ್ಲೇ ಉಳಿದ ಉಂಡಿ, ಕರದಂಟು. ಹಸಿವಿದ್ದರೂ ಇಲ್ಲದಿದ್ದರೂ ಎಲ್ಲವೂ ಅವಳ ಪಾಲು. ಕಂಡಿಕೆ ಸುತ್ತುವಾಗ ನಿದ್ದೆ ಬರಬಾರದೆಂದು ಆರು ಸಲ ಸಕ್ಕರೆ ಮುಂದಾದ ಚಹಾ.

ಶಾಲು ಬಂದ ಎರಡನೆಯ ವರ್ಷ ಅವಳ ಹಿಮ್ಮಡಿಯಲ್ಲಿ ಒಂದು ಹುಣ್ಣಾಯಿತು. ಆರು ತಿಂಗಳಾದರೂ ಆರಲಿಲ್ಲ. ಆಮೇಲೆ ಮುಖ ಬಾತುಕೊಂಡಿತು, ಕಾಲು ಬಾತುಕೊಂಡವು. ಒತ್ತಿದರೆ ಬೆರಳು ಇಳಿದ ಗುಂಡಿ ಹಾಗೇ ನಿಲ್ಲುತ್ತಿತ್ತು. ಆಸ್ಪತ್ರೆಗೆ ಹೋದರೆ ನರ್ಸಮ್ಮ ಅವಳನ್ನೂ ಗೋಡೆಯ ಫೋಟೋವನ್ನೂ ನೋಡಿ ಕೈ ಮುಗಿದಳು.

"ನೀವ ಬಂದ್ರ ಹೆಂಗ ಅಕ್ಕಾ? ನಿಮ್ಮ ಫೋಟೋ ತೋರಿಸಿ ನಾವು ಮಂದಿಗೆ ಬುದ್ಧಿ ಹೇಳ್ತೀವಿ."

"ಕಾಲು ಬಾತಾವು."

"ಕೂತ ಕೆಲಸ ಮಾಡ್ತೀರಿ, ಬಾಯ್ತಾವು. ಹಸಿರು ತಾಟಿನವರಿಗೆ ಸಕ್ಕರಿ ರೋಗ ಬರೂದಿಲ್ಲ." ಮುಲಾಮು ಕೊಟ್ಟು ಕಳಿಸಿದಳು.

ಗುಡ್ಡದ ಕೇಂದ್ರದಲ್ಲಿ ಒಂದು ದೊಡ್ಡ ಕೋಣೆ. ಅದರ ಗೋಡೆ ತುಂಬ ಗೆರೆಗಳು. ಒಂದೊಂದು ತಾಟಿಗೆ ಒಂದೊಂದು ಗೆರೆ. ಉಂಡಾಗ ಗೆರೆ ಗುಬ್ಬಿಯಂತೆ ಉಬ್ಬಿ ಮತ್ತೆ ಇಳಿಯುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ಸುಧನ್ವ ಎಂಬ ಮೈಸೂರು ಕಡೆಯ ಹುಡುಗ-ಎಂಜಿನಿಯರ್. ಸಾವಂತ್ರವ್ವನ ಶೇಂಗಾ ಚಟ್ನಿಪುಡಿಗೆ ಸೋತವನು. ಒಂದು ಮಧ್ಯಾಹ್ನ ರೊಟ್ಟಿ ತಂದಿಟ್ಟ ಸಾವಂತ್ರವ್ವ ಹೋಗದೆ ನಿಂತಳು.

"ತಮ್ಮಾ, ನನ್ನ ಮಗ ಮತ್ತ ಬಿದ್ದ. ಅವನ ಗೆರಿ ಒಂದೀಟ ನೋಡು."

ಸುಧನ್ವ ಗೋಡೆಯ ಮೇಲೆ ಶಿವಪುತ್ರನ ಗೆರೆ ಎಳೆದು ದೊಡ್ಡದು ಮಾಡಿದ.

"ನೋಡಿ ಅಜ್ಜಿ, ಬೀಳದೆ ಏನಾಗುತ್ತೆ? ಮಧ್ಯಾಹ್ನ ಎರಡು ಸಲ ಊಟ ಮಾಡ್ತಾರೆ. ಒಂದೂವರೆಗೆ ಒಂದು, ಎರಡೂವರೆಗೆ ಒಂದು. ರಾತ್ರೀನೂ ಹಾಗೇ. ಎರಡನೇ ಊಟದಲ್ಲೇ ಸಕ್ಕರೆ ಹೆಚ್ಚು."

"ಎರಡೂವರಿಗೆ ಅಂವ ಮಗ್ಗದ ಮುಂದ ಇರ್ತಾನ."

"ತಾಟು ಸುಳ್ಳು ಹೇಳಲ್ಲ ಅಜ್ಜಿ."

"ನಾನು ಹೇಳ್ತೀನಿ, ಊರಿಗೆಲ್ಲ ಗೊತ್ತೈತಿ" ಎಂದಳು ಸಾವಂತ್ರವ್ವ. "ಆದ್ರ ಎರಡೂವರಿಗೆ ಅಂವ..."

ಕೈಗೆ ಮೆತ್ತಿದ್ದ ಹಿಟ್ಟನ್ನು ಉಜ್ಜುತ್ತ ಅವಳು ಆ ಎರಡನೆಯ ಉಬ್ಬನ್ನೇ ನೋಡಿದಳು.

"ಇದರ ಬಾಜೂಕಿಂದು ಯಾರದು?"

"ನಿಮ್ಮ ಓಣಿಯ ಮಾಸ್ತರರದು. ಅವರೂ ಎರಡು ಸಲ. ಈ ಕಡೆ ಗಂಡಸರದ್ದೆಲ್ಲ ಹಾಗೇ ಅಜ್ಜಿ, ಎರಡೂಟದ ರೂಢಿ ಅಂತ. ಅದರ ಮೇಲೆ ನಮ್ಮವರೊಬ್ಬರು ದೊಡ್ಡ ಗ್ರಂಥಾನೇ ಬರೆದಿದ್ದಾರೆ."

"ನಿನಗ ಮದುವಿ ಆಗೇತೇನಪಾ?"

"ಇಲ್ಲ."

"ಆ ಗ್ರಂಥದಾಂವಗ?"

"ಅವರಿಗೂ ಇಲ್ಲ."

"ಆಗಿದ್ರೂ ತಿಳೀತಿರಲಿಲ್ಲ ಬಿಡು. ಉಂಡು ಕೈ ತೊಳಕೊಂಡ ಮ್ಯಾಲ ತಾಟು ಎಲ್ಲಿ ಹೊಕ್ಕತಿ ಅಂತ ಯಾವ ಗಂಡಸು ತಿರುಗಿ ನೋಡ್ಯಾನ?" ಸಾವಂತ್ರವ್ವ ನೆಲದ ಮೇಲೆ ಕುಳಿತಳು. "ಎರಡನೇ ಊಟ ಅವನದಲ್ಲ, ತಮ್ಮಾ. ನನ್ನ ಸೊಸೀದು. ಅಂವ ಎದ್ದ ಮ್ಯಾಲ ಆಕಿ ಅದರಾಗ ಉಣ್ತಾಳ. ಈ ಗ್ವಾಡಿ ಮ್ಯಾಲಿನ ಎಲ್ಲಾರ ಹೆಂಡರೂ ಹಂಗ ಉಣ್ತಾರ."

ಸುಧನ್ವ ತುತ್ತನ್ನು ಕೆಳಗಿಟ್ಟ. ಊರಿನ ಗಂಡಸರ ಗೆರೆಗಳನ್ನೆಲ್ಲ ಒಂದೊಂದಾಗಿ ಎಳೆದ. ಎರಡು ಉಬ್ಬು, ಎರಡು ಉಬ್ಬು, ಎರಡು ಉಬ್ಬು. ಪಕ್ಕದಲ್ಲಿ ಹೆಂಗಸರ ಗೆರೆಗಳು. ನೀರು ತುಂಬಿದ ಗದ್ದೆಯಂತೆ ಸಮ, ಹಸಿರು. ತಾಲೂಕು ಮುಗಿಸಿ ಜಿಲ್ಲೆ ತೆಗೆದ. ಒಂದು ಹೆಸರಿನೊಳಗೆ ಎರಡು ನಾಲಿಗೆ ಸೇರಿಕೊಂಡಿದ್ದವು. ಕೆಂಪು ಯಾರದೋ, ಗುಳಿಗೆ ಯಾರಿಗೋ.

"ಎಷ್ಟು ಮನಿ?" ಎಂದಳು ಸಾವಂತ್ರವ್ವ.

"ಎರಡು ಲಕ್ಷಕ್ಕೂ ಮೇಲೆ ಅಜ್ಜಿ."

ಅವಳ ಜನ್ಮದಲ್ಲಿ ಇನ್ನೊಬ್ಬರು ಅವಳಿಗಿಂತ ದೊಡ್ಡ ಅಂಕಿ ಹೇಳಿದ್ದು ಅದೇ ಮೊದಲು.

ಮರುದಿನ ಸುಧನ್ವ ಕೇಂದ್ರದ ಅಟ್ಟದಿಂದ ಒಂದು ಹಳೆಯ ಸೂಜಿಯಂತ್ರ ಹುಡುಕಿ ತಂದು ಕಸ್ತೂರಿಯ ಬೆರಳು ಚುಚ್ಚಿದ. ಯಂತ್ರ ಅಂಕಿ ತೋರಿಸಲಿಲ್ಲ, 'ಅಳತೆ ಮೀರಿದೆ' ಎಂದಷ್ಟೇ ತೋರಿಸಿತು. ಕೇಂದ್ರದ ವೈದ್ಯರೊಬ್ಬರು ಗುಟ್ಟಾಗಿ ಬಂದು ನೋಡಿ, ಹೊರಗೆ ಶಿವಪುತ್ರನಿಗೆ ಹೇಳಿದರು: ಸಕ್ಕರೆ ರೋಗ ಬಂದು ವರ್ಷಗಳೇ ಆಗಿವೆ, ಮೂತ್ರಪಿಂಡ ಎರಡೂ ಹೋಗಿವೆ, ಇನ್ನು ವಾರಕ್ಕೆ ಮೂರು ಸಲ ಯಂತ್ರದಿಂದ ರಕ್ತ ತೊಳೆದರೆ ಬದುಕು. ಶಿವಪುತ್ರನ ಗುಳಿಗೆಯನ್ನು ಆಗಲೇ ಇವಳು ನುಂಗಿದ್ದರೆ ಇಲ್ಲಿಗೆ ಬರುತ್ತಿರಲಿಲ್ಲ.

ಶಿವಪುತ್ರ ಗುಳಿಗೆ ಬಿಟ್ಟ. ಎಂಟೇ ದಿನದಲ್ಲಿ, ಇಲ್ಲದ ರೋಗ ವಾಸಿಯಾಯಿತು. ಅದನ್ನು ಕಂಡು ಅವನು ಅತ್ತಷ್ಟು ಬಿದ್ದಾಗಲೂ ಅತ್ತಿರಲಿಲ್ಲ.

ರಕ್ತ ತೊಳೆಯುವ ಯಂತ್ರಗಳೆಲ್ಲ ಮಂಡಳಿಯ ಕೈಯಲ್ಲಿದ್ದವು, ಕೆಂಪು ತಾಟಿಗೆ ಮಾತ್ರ ಬಾಗಿಲು ತೆರೆಯುತ್ತಿದ್ದವು. ಮಗನ ಕೆಂಪು ತಾಟು ಹಿಡಿದು ಸಾವಂತ್ರವ್ವ ಸೊಸೆಯನ್ನು ಆಸ್ಪತ್ರೆಗೆ ಕರೆದೊಯ್ದಳು.

"ಗಂಡನ ಪಾಳಿ ಹೆಂಡ್ತಿಗೆ ಕೊಡ್ರಿ. ಗಂಡನ ತಾಟಿನ್ಯಾಗಿಂದು ಉಂಡಾಳ, ಗಂಡನ ಯಂತ್ರದಾಗೂ ತೊಳೀರಿ."

"ಯಂತ್ರ ಹೆಸರು ಕೇಳ್ತತ್ರೀ ಅಮ್ಮಾ. ಗಂಡಸಿನ ಹೆಸರಿಗೆ ಹೆಂಗಸು ಕೂಡೂದಿಲ್ಲ" ಎಂದ ಅಲ್ಲಿಯವನು. ಕಸ್ತೂರಿ ಬೆಂಚಿನ ಮೇಲೆ ತನ್ನ ಫೋಟೋದ ಕೆಳಗೇ ಕುಳಿತಿದ್ದಳು. ಹೋಗುವವರು ಬರುವವರು ಮೇಲೆ ನೋಡುತ್ತಿದ್ದರು, ಕೆಳಗೆ ಯಾರೂ ನೋಡಲಿಲ್ಲ.

ಸುಧನ್ವ ಅಷ್ಟರಲ್ಲಿ ನಿರ್ದೇಶಕರಿಗೆ ಹೇಳಿಯಾಗಿತ್ತು. ಮಂಡಳಿಯ ನಿರ್ದೇಶಕರು ಗುಡ್ಡದ ಕೋಣೆಯ ಪರದೆಯ ಮೇಲೆ ಬಂದರು. ಸಾವಂತ್ರವ್ವ ಮೂಲೆಯಲ್ಲಿ ಎಂಜಲು ತಟ್ಟೆ ಎತ್ತುವ ನೆವದಲ್ಲಿ ನಿಂತು ಕೇಳಿದಳು.

"ತಾಟು ಓದೋ ಕೋಷ್ಟಕ ಈ ಜನರ ಊಟದಿಂದಲೇ ಕಲಿತದ್ದು ಸುಧನ್ವ. ಅದು ತಪ್ಪು ಅಂತ ಇವತ್ತು ಹೇಳಿದರೆ ಇವತ್ತೇ ಎಲ್ಲ ಕೆಂಪು ತಾಟಿನ ಔಷಧ ನಿಲ್ಲುತ್ತೆ. ಅವರಲ್ಲಿ ಅರ್ಧ ಜನಕ್ಕೆ ನಿಜವಾಗಿಯೂ ರೋಗ ಇದೆ. ಯಾವ ಅರ್ಧ ಅಂತ ನಿನಗೆ ಗೊತ್ತಾ?"

"ಇಲ್ಲ ಸರ್."

"ರಕ್ತ ನೋಡೋಣ ಅಂದರೆ ಯಂತ್ರ ಎಲ್ಲಿವೆ?"

"ಇಲ್ಲ ಸರ್."

"ಅವರವರ ತಾಟಿನಲ್ಲೇ ಉಣ್ಣಬೇಕು ಅಂತ ಸುತ್ತೋಲೆ ಕಳಿಸೋಣ. ಹೊಸದಾಗಿ ಲೆಕ್ಕ ಶುರುವಾಗಲಿ. ತಾಟು ತಾನೇ ತಿದ್ದಿಕೊಳ್ಳುತ್ತೆ."

"ಎಷ್ಟು ದಿನ ಸರ್?"

"ಒಬ್ಬೊಬ್ಬರಿಗೆ ತೊಂಬತ್ತು ದಿನ. ಅದಕ್ಕಿಂತ ಕಡಿಮೆಗೆ ಅದು ಒಪ್ಪೋದಿಲ್ಲ, ನಿನಗೂ ಗೊತ್ತಲ್ಲ."

ಸುಧನ್ವನಿಗೆ ಮಾಡಲಾದದ್ದು ಒಂದೇ. ಕಸ್ತೂರಿಯ ತಾಟಿನ ಹಳೆಯ ಹಸಿರನ್ನೆಲ್ಲ ಅಳಿಸಿದ. "ಇವತ್ತಿಂದ ಅಕ್ಕ ಇದರಲ್ಲೇ ಉಣ್ಣಲಿ ಅಜ್ಜಿ. ತೊಂಬತ್ತನೇ ದಿನ ಕೆಂಪಾಗುತ್ತೆ. ಅವತ್ತೇ ಯಂತ್ರದ ಬಾಗಿಲು ತೆಗೆಯುತ್ತೆ."

"ಅಲ್ಲೀತನಕ ಆಕಿ?"

ಅವನು ಗೋಡೆಯ ಕಡೆ ತಿರುಗಿದ.

ಅಂದು ಮಧ್ಯಾಹ್ನ ಸಾವಂತ್ರವ್ವ ದೇವರ ಗೂಡಿನಿಂದ ತಾಟು ಇಳಿಸಿ, ಮಗ ಉಣ್ಣುವ ಮೊದಲೇ ಸೊಸೆಯನ್ನು ಪಡಸಾಲೆಯಲ್ಲಿ ಕೂರಿಸಿದಳು. ಕಸ್ತೂರಿ ಕೈ ಹಿಂದಕ್ಕೆಳೆದಳು.

"ಅವರು ಇನ್ನೂ ಉಂಡಿಲ್ಲ, ಅತ್ತಿ."

"ಅಂವ ನೋಡ್ಕೋತ ನಿಂದರ್ತಾನ. ಇಪ್ಪತ್ತೆರಡು ವರ್ಷ ಯಾರ ನೋಡ್ಯಾರ ನೀ ಉಣ್ಣೂದನ್ನ."

"ಮಂದಿ ನಗ್ತಾರ."

"ನಗಲಿ. ಎಮ್ಮಿ ಉಂಡಾಗೂ ನಕ್ಕಾರ."

ಕಸ್ತೂರಿ ಒಂದು ತುತ್ತು ಎತ್ತಿ ಬಾಯಿಗಿಟ್ಟಳು. ತಾಟಿನ ಅಂಚು ಬೆಳ್ಳಗೆ ಮಿನುಗಿತು. "ಹೊಸಬರಿಗೆ ಸ್ವಾಗತ. ನಿಮ್ಮ ಪರಿಚಯವಾಗಲು ಇನ್ನು ಎಂಬತ್ತೊಂಬತ್ತು ದಿನ" ಎಂದಿತು.

"ನೋಡವಾ, ಇದಕ್ಕೂ ನೀ ಯಾರಂತ ಗೊತ್ತಿಲ್ಲ" ಎಂದಳು ಸಾವಂತ್ರವ್ವ. ನಗಿಸಲಿಕ್ಕೆಂದು ಹೇಳಿದ್ದು, ಯಾರೂ ನಗಲಿಲ್ಲ.

ಆ ದಿನಗಳಲ್ಲೇ ಅವಳು ಓಣಿಯ ಮನೆ ಮನೆ ಹೊಕ್ಕಳು. ಬ್ಯಾರೆ ತಾಟಿನಲ್ಲಿ ಉಣ್ಣಿರಿ, ಬಿಸಿ ಇದ್ದಾಗ ಉಣ್ಣಿರಿ, ಉಳಿದದ್ದು ಎಮ್ಮೆಗೆ ಹಾಕಿರಿ, ನಿಮ್ಮ ಹೊಟ್ಟೆ ಮುಸುರೆ ಬಾನಿಯಲ್ಲ. ಎರಡು ಲಕ್ಷ ಮನೆ, ಎರಡು ಲಕ್ಷ ಹೆಂಗಸರು, ಒಬ್ಬರಿಗೂ ಒಳಗೇನಿದೆ ಗೊತ್ತಿಲ್ಲ ಎಂದು ಕೈ ಹಿಡಿದು ಹೇಳಿದಳು.

"ಎರಡು ಲಕ್ಷ ಅಂದ್ರ ಇಪ್ಪತ್ತು ಸಾವಿರ ಇದ್ದೀತು" ಎಂದಳೊಬ್ಬಳು. ಎಲ್ಲರೂ ನಕ್ಕರು.

"ಗೌರಕ್ಕಾ, ಈ ಸಲ ಖರೇ ಹೇಳಾಕತ್ತೀನಿ."

"ಹೋದ ಸಲಾನೂ ಹಂಗ ಅಂದಿದ್ದಿ. ನನ್ನ ತಾಟು ಹಸಿರೈತಿ, ಈ ವರ್ಷ ಶಾಲು ನನಗ ಬರತೈತಂತ. ಅದಕ್ಕ ಹೊಟ್ಟಿಕಿಚ್ಚು ನಿನಗ" ಎಂದಳು ಗೌರಕ್ಕ.

ಸುತ್ತೋಲೆಯೂ ಬಂತು. ಹೆಂಗಸರು ಅದನ್ನು ಮನ್ನಿಸಿದರು. ಉಣ್ಣುವ ಮೊದಲು ತಮ್ಮ ತಾಟಿನಲ್ಲಿ ಒಂದು ತುತ್ತು ಕಲಸಿ ತಿಂದು, ತೊಳೆದಿಟ್ಟು, ಗಂಡ ಬಿಟ್ಟ ತಾಟಿಗೆ ಕೂತರು. ಗುಡ್ಡದ ಮೇಲಿನ ಗೋಡೆಯಲ್ಲಿ ಎರಡೂವರೆಯ ಉಬ್ಬು ಹಾಗೇ ಇತ್ತು. ಸುಧನ್ವನನ್ನು ಬೇರೆ ಊರಿಗೆ ಹಾಕಿದರು. ಹೋಗುವಾಗ ಅವನು ಸಾವಂತ್ರವ್ವನ ಕಾಲು ಮುಟ್ಟಿದ. "ಮದುವಿ ಆದ್ರ, ನೀ ಉಂಡ ಮ್ಯಾಲ ತಾಟು ನೀನ ತೊಳಿ" ಎಂದಳು ಅವಳು.

ಕಸ್ತೂರಿ ದಿನಕ್ಕೆ ಎರಡು ಹೊತ್ತು ತಪ್ಪದೆ ತನ್ನ ತಾಟಿಗೆ ಕೂತಳು. ಮೆಂತ್ಯದ ಪಲ್ಯ, ಬಿಸಿ ರೊಟ್ಟಿ, ನವಣೆ ಗಂಜಿ. ಇಪ್ಪತ್ತು ವರ್ಷ ತಡವಾಗಿ ಬಂದ ಪಥ್ಯ. ನಲವತ್ತನೆಯ ದಿನಕ್ಕೆ ರೊಟ್ಟಿ ಮುರಿಯುವ ಶಕ್ತಿ ಹೋಯಿತು. ಶಿವಪುತ್ರ ಮುರಿದು ಹಾಲಲ್ಲಿ ನೆನೆಸಿ ತಿನ್ನಿಸಿದ. ಐವತ್ತನೆಯ ದಿನ ಮಲಗಿದರೆ ಉಸಿರು ಕಟ್ಟಿತು, ಗೋಡೆಗೆ ಒರಗಿಸಿ ತಿನ್ನಿಸಿದರು.

"ಅತ್ತಿ, ಇನ್ನ ಎಷ್ಟು ದಿನ?"

"ಮೂರ ದಿನ ನೋಡು, ಕಣ್ಣು ಮುಚ್ಚಿ ತೆರಿಯೂದರಾಗ."

ಮುದುಕಿ ಎಂದೂ ಒಂದನ್ನು ನೂರು ಮಾಡಿದವಳು, ನಲವತ್ತನ್ನು ಮೂರು ಮಾಡಿದ್ದು ಅದೊಂದೇ ಸಲ. ಕಸ್ತೂರಿ ಅತ್ತೆಯ ಮುಖ ನೋಡಿ ಸ್ವಲ್ಪ ನಕ್ಕಳು.

ಐವತ್ತೆಂಟನೆಯ ದಿನ ಎರಡು ಚಮಚೆ ಗಂಜಿ ಇಳಿಯಿತು. "ಇಂದು ತಾವು ಮಿತವಾಗಿ ಉಂಡಿದ್ದೀರಿ, ಅಭಿನಂದನೆಗಳು" ಎಂದಿತು ತಾಟು. ಚಹಾದ ಹೊತ್ತಿಗೆ ಕಸ್ತೂರಿ ಹೋದಳು.

ಐದನೆಯ ದಿನಕ್ಕೆ ಎಡೆ ಇಟ್ಟರು. ಅವಳಿಗೆ ಇಷ್ಟವಾದ ಬದನೆಕಾಯಿ ಎಣಗಾಯಿ, ಸಜ್ಜೆ ರೊಟ್ಟಿ, ಕೆನೆ ಮೊಸರು, ಎಲ್ಲ ಅವಳ ತಾಟಿನಲ್ಲೇ. ತಾಟು ಬೆಳ್ಳಗೆ ಮಿನುಗುತ್ತ ಕಾದಿತ್ತು. ನಾಲ್ಕು ದಿನ ಯಾರೂ ಉಣ್ಣದ್ದರಿಂದ ಅದರ ಲೆಕ್ಕ ಮತ್ತೆ ಒಂದರಿಂದ ಶುರುವಾಗಿತ್ತು. ಎಡೆ ಎತ್ತುವ ಹೊತ್ತಿಗೆ ಸಾವಂತ್ರವ್ವ ಯಾರನ್ನೂ ಕೇಳದೆ ಅದರ ಮುಂದೆ ಕೂತಳು.

"ಯವ್ವಾ, ಏನ ಮಾಡಾಕತ್ತಿ?" ಎಂದ ಶಿವಪುತ್ರ.

"ಉಳಿದದ್ದು ಚೆಲ್ಲಬಾರದು ಅಂತ ಹೇಳಿದಾಕಿ ನಾನ ಅಲ್ಲೇನ" ಎಂದಳು. ಸೊಸೆಯ ತಾಟಿನಲ್ಲಿ ಸೊಸೆಯ ನಂತರ ಅತ್ತೆ ಉಂಡಳು. ಅಂದಿನಿಂದ ತನ್ನ ತಾಟು ಎತ್ತಿಟ್ಟು ಅದರಲ್ಲೇ ಉಣ್ಣತೊಡಗಿದಳು. ಮೂವತ್ತು ವರ್ಷದಿಂದ ಉಣ್ಣುತ್ತಿದ್ದ ಹಾಗೆ ಅರ್ಧ ರೊಟ್ಟಿ, ಹಸಿ ಸೊಪ್ಪು, ಮಜ್ಜಿಗೆ. ಯಾಕೆ ಎಂದು ಕೇಳಿದವರಿಗೆ, "ಕಡೀಕ ಇದು ಏನ ಹೇಳತೈತೋ ಕೇಳೂನು" ಎನ್ನುತ್ತಿದ್ದಳು.

ತೊಂಬತ್ತು ತುಂಬಿದ ದಿನ ಶಿವಪುತ್ರ ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತಿದ್ದ. ಸಾವಂತ್ರವ್ವ ಕೊನೆಯ ತುತ್ತು ತಿಂದು ಬೆರಳು ತಾಟಿಗೆ ತಾಗಿಸಿದಳು. ಅಂಚಿನ ಬಿಳಿ ಬೆಳಕು ಒಂದು ಸುತ್ತು ತಿರುಗಿ ನಿಂತಿತು. ಇಡೀ ಅಂಚು ಎಳೆ ಹುಲ್ಲಿನಂತೆ ಹಸಿರಾಯಿತು.

"ಕಸ್ತೂರಿ ಅವರೇ, ಮುಂದಿನ ಇಪ್ಪತ್ತು ವರ್ಷ ತಮಗೆ ಯಾವ ರೋಗವೂ ಬರುವ ಸಂಭವವಿಲ್ಲ" ಎಂದಿತು ತಾಟು.

ಓಣಿಯಲ್ಲಿ ಎರಡೂವರೆಯ ಹೊತ್ತು. ಮನೆ ಮನೆಯಲ್ಲಿ ಗಂಡಸರು ಎದ್ದ ತಾಟನ್ನು ಹೆಂಗಸರು ಎಳೆದುಕೊಳ್ಳುವ ಸಪ್ಪಳ ಕೇಳುತ್ತಿತ್ತು.

"ಹುಟ್ಟಿದ ಮ್ಯಾಲ ಇದೊಂದು ಮಾತು ಖರೇ ಹೇಳ್ತು ನೋಡಪಾ" ಎಂದಳು ಸಾವಂತ್ರವ್ವ. "ಇನ್ನ ಯಾವ ರೋಗ ಬರತೈತಿ ಆಕಿಗೆ."